ಕಿವಿ ಮಂದವಾದ ಮೇಲೂ ಸಂಗೀತ
ವಯಸ್ಸಾದಂತೆ ಕಿವಿಗೆ ಮೊದಲು ತಪ್ಪಿಹೋಗುವುದು ತೀಕ್ಷ್ಣವಾದ ಮೇಲಿನ ನಾದ. ಗದಗಿನ ಗಾಯಕ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವದಂಥ ಕಛೇರಿಗಳಲ್ಲಿ ಇದು ಬೇಗ ಗೊತ್ತಾಗುತ್ತದೆ: ತಬಲಾ ಜೋಡಿಯ ಡಗ್ಗಾದ ಗುಂಕಾರ ಉಳಿಯುತ್ತದೆ, ತಂಬೂರಿಯ ಹೊಳಪು ಮಾಸುತ್ತದೆ. ಇದಕ್ಕೆ ಹಾಕಿಕೊಳ್ಳುವ ಶ್ರವಣಯಂತ್ರವೋ ಮುಖ್ಯವಾಗಿ ಮಾತಿಗೆಂದು ರೂಪುಗೊಂಡದ್ದು. ಗಾಯಕರು ತಾರಷಡ್ಜದಲ್ಲಿ ನಿಂತರೆ ಕೆಲವು ಯಂತ್ರಗಳು ಅದನ್ನು ತಮ್ಮದೇ ಸಿಳ್ಳೆಯೆಂದು ಬಗೆದು ಅಡಗಿಸಲು ನೋಡುತ್ತವೆ. ಪಾಪ, ಜೋಶಿಯವರ ಕಿರಾಣಾ ಘರಾಣೆಯ ಗಾಯನ ಅದಕ್ಕೇನು ಗೊತ್ತು! ಆಡಿಯಾಲಜಿಸ್ಟರನ್ನು ಕೇಳಿ ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿಸಿಕೊಳ್ಳುವುದು ಮೇಲು. ಪರಿಚಿತ ರಾಗವಾದರೆ ಕೇಳಿಸದಷ್ಟನ್ನು ನೆನಪೇ ಎಷ್ಟೋ ತುಂಬಿಕೊಡುತ್ತದೆ. ಆದರೆ ಚೆನ್ನಾಗಿ ಕೇಳಲೆಂದು ಸ್ಪೀಕರಿನ ಮಗ್ಗುಲಲ್ಲೇ ಕೂರಬಾರದು. ಅತಿ ಜೋರಾದ ಸದ್ದು ಉಳಿದಿರುವ ಶ್ರವಣಶಕ್ತಿಯನ್ನೂ ಕೆಡಿಸುತ್ತದೆ.