ಕೃಷಿ ಮೇಳಕ್ಕೆ ಹೊರಡುವ ಮುನ್ನ
(ಚಿತ್ರದುರ್ಗ ಜಿಲ್ಲೆಯ ರೈತರಿಗಾಗಿ ಸಿದ್ಧಪಡಿಸಿದ ಭಾಷಣ)



ಕೃಷಿ ವಿಶ್ವವಿದ್ಯಾಲಯದ ತಾಕು, ಪ್ರಯೋಗಾಲಯ, ಬೀಜ ಘಟಕ, ವಿಜ್ಞಾನಿಗಳು ಇವೆಲ್ಲ ಒಂದೇ ಕಡೆ ರೈತರಿಗೆ ಸಿಗುವುದು ವರ್ಷದಲ್ಲಿ ನಾಲ್ಕಾರು ದಿನ ಮಾತ್ರ. ಬೆಂಗಳೂರಿನ ಜಿ.ಕೆ.ವಿ.ಕೆ.ಯಲ್ಲಿ ಮೇಳ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ, ಧಾರವಾಡದಲ್ಲಿ ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತದೆ. ಶಿವಮೊಗ್ಗದ ವಿಶ್ವವಿದ್ಯಾಲಯ 2012ರಲ್ಲಿ ಪ್ರಾರಂಭವಾದ ಮೇಲೆ ಅಲ್ಲಿಯೂ ಕೃಷಿ ಮತ್ತು ತೋಟಗಾರಿಕೆ ಮೇಳ ನಡೆಯುತ್ತಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಂದ ರೈತರು ತಂಡ ಕಟ್ಟಿಕೊಂಡು ಇಂತಹ ಮೇಳಗಳಿಗೆ ಹೋಗುತ್ತಾರೆ. ಬೆಳಗಿನ ಜಾವ ಹೊರಟು, ಹತ್ತು ಗಂಟೆಯ ಬಿಸಿಲಿಗೆ ಮಳಿಗೆಗಳ ಸಾಲಿಗೆ ನುಗ್ಗಿ, ಸಿಕ್ಕ ಕರಪತ್ರಗಳನ್ನೆಲ್ಲ ಚೀಲಕ್ಕೆ ತುಂಬಿ, ಊಟದ ಸಾಲಿನಲ್ಲಿ ಒಂದು ಗಂಟೆ ನಿಂತು, ಸಂಜೆ ಬಸ್ಸು ಹತ್ತುತ್ತಾರೆ. ಆ ಕರಪತ್ರಗಳು ಸಂಕ್ರಾಂತಿಯ ಹೊತ್ತಿಗೆ ಅಟ್ಟ ಸೇರಿರುತ್ತವೆ.

ಇದರಲ್ಲಿ ರೈತರ ತಪ್ಪಷ್ಟೇ ಇಲ್ಲ. ಮೇಳದಲ್ಲಿ ನೋಡುವುದು ಅಷ್ಟಿರುತ್ತದೆ. ನೂರು ವಿಷಯ ನೋಡಿದವನ ತಲೆಯಲ್ಲಿ ಒಂದೂ ನಿಲ್ಲುವುದಿಲ್ಲ. ಆದುದರಿಂದ ಮೇಳಕ್ಕೆ ಹೋಗುವವರು ಮನೆಯಿಂದಲೇ ಒಂದು ಪ್ರಶ್ನೆಯನ್ನು ಕಟ್ಟಿಕೊಂಡು ಹೋಗುವುದು ಮೇಲು. ಹೋದ ವರ್ಷ ಹೊಲದಲ್ಲಿ ಯಾವುದರಿಂದ ಹೆಚ್ಚು ನಷ್ಟವಾಯಿತೋ ಅದೇ ಆ ಪ್ರಶ್ನೆ. ಹಿರಿಯೂರಿನ ರೈತನಿಗೆ ಅದು ಈರುಳ್ಳಿಯ ನೇರಳೆ ಮಚ್ಚೆ ರೋಗ ಇರಬಹುದು, ಹೊಸದುರ್ಗದವನಿಗೆ ತೆಂಗಿನ ಕಪ್ಪುತಲೆ ಹುಳು ಇರಬಹುದು, ಹೊಳಲ್ಕೆರೆಯವನಿಗೆ ಅಡಿಕೆಯ ಅಣಬೆ ರೋಗವೋ ಬತ್ತುತ್ತಿರುವ ಕೊಳವೆ ಬಾವಿಯೋ ಇರಬಹುದು. ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಬೇರೆ ಮಳಿಗೆಯ ಕಡೆ ತಿರುಗಬಾರದು. ಸಿಕ್ಕ ಮೇಲೆ ಜಾತ್ರೆ ಸುತ್ತಿದ ಹಾಗೆ ಸುತ್ತಿದರೂ ಅಡ್ಡಿಯಿಲ್ಲ.

ಪ್ರಶ್ನೆಯ ಜೊತೆಗೆ ಸಾಕ್ಷಿಯೂ ಬೇಕು. ಶೇಂಗಾ ಎಲೆ ಹಳದಿಯಾಗಿದೆ, ಏನು ಹೊಡೆಯಬೇಕು ಎಂದು ಬರಿಗೈಯಲ್ಲಿ ಬಂದು ಕೇಳಿದರೆ ಎಂತಹ ವಿಜ್ಞಾನಿಯೂ ಊಹೆಯ ಮೇಲೆ ಉತ್ತರ ಹೇಳಬೇಕಾಗುತ್ತದೆ. ಎಲೆ ಹಳದಿಯಾಗಲು ಕಾರಣ ಒಂದಲ್ಲ. ಸಾರಜನಕದ ಕೊರತೆಯಾದರೆ ಗಿಡದ ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣದ ಕೊರತೆಯಾದರೆ ತುದಿಯ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಸುಣ್ಣದ ಅಂಶ ಹೆಚ್ಚಿರುವ ಎರೆ ಭೂಮಿಯಲ್ಲಿ ಈ ಎರಡನೆಯದು ಸಾಮಾನ್ಯ. ಭೂಮಿಯಲ್ಲಿ ಕಬ್ಬಿಣ ಇದ್ದರೂ ಅಲ್ಲಿ ಬೇರು ಅದನ್ನು ಹೀರಲಾರದು. ಅಂತಹ ಹೊಲಕ್ಕೆ ಯೂರಿಯಾ ಚೆಲ್ಲಿದರೆ ದುಡ್ಡು ಮಣ್ಣುಪಾಲು. ಅಲ್ಲಿ ಬೇಕಾದುದು ಅನ್ನಭೇದಿಯ ಸಿಂಪರಣೆ. ಕಿತ್ತು ತಂದ ಒಂದೇ ಎಲೆಯಿಂದ ಇದು ತಿಳಿಯುವುದಿಲ್ಲ, ಇಡೀ ಗಿಡ ಬೇಕು. ಬೇರು ಸಮೇತ ಒಂದು ರೋಗದ ಗಿಡ, ಅದೇ ಹೊಲದ ಒಂದು ಆರೋಗ್ಯದ ಗಿಡ, ಎರಡನ್ನೂ ಹೊರಡುವ ದಿನ ಬೆಳಿಗ್ಗೆ ಕಿತ್ತು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಳ್ಳಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಗಿಡ ಮಧ್ಯಾಹ್ನದೊಳಗೆ ಬೆಂದು ಕೊಳೆಯುತ್ತದೆ.

ದಾಳಿಂಬೆಗೆ ಮಾತ್ರ ಈ ಕ್ರಮ ಬೇಡ. ದುಂಡಾಣು ಅಂಗಮಾರಿ ತಗುಲಿದ ಕಾಯಿ, ಕಡ್ಡಿಗಳನ್ನು ಹಿಡಿದುಕೊಂಡು ಊರೂರು ತಿರುಗಿದರೆ ರೋಗವನ್ನೂ ಜೊತೆಗೆ ಕರೆದೊಯ್ದಂತೆ. ಗಿಡದ, ಎಲೆಯ, ಕಾಯಿಯ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋದರೆ ಸಾಕು. ಇದೇ ಕಾರಣಕ್ಕೆ ಮೂಲ ತಿಳಿಯದ ದಾಳಿಂಬೆ ಸಸಿಗಳನ್ನು ಚೆನ್ನಾಗಿ ಕಂಡವೆಂದು ಕೊಂಡು ತರಬಾರದು. ಸಸಿಯ ಮೂಲಕವೂ ಈ ರೋಗ ಹೊಸ ತೋಟಕ್ಕೆ ಬರುತ್ತದೆ.

ಗೊತ್ತಿಲ್ಲದ ಹುಳು ಕಂಡರೆ ಒಂದು ಸೀಸೆಯಲ್ಲಿ ಹಾಕಿ ತರುವುದನ್ನು ಯಾರೂ ಸಣ್ಣ ಕೆಲಸವೆಂದು ತಿಳಿಯಬಾರದು. ಮೆಕ್ಕೆಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳುವನ್ನು ಭಾರತದಲ್ಲಿ ಮೊದಲು ಗುರುತಿಸಿದುದು 2018ರ ಮೇ ತಿಂಗಳಿನಲ್ಲಿ, ಶಿವಮೊಗ್ಗದ ಕೃಷಿ ಕಾಲೇಜಿನ ವಿಜ್ಞಾನಿಗಳು. ತಲೆಯ ಮೇಲೆ ತಲೆಕೆಳಗಾದ ವೈ ಆಕಾರದ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ, ಇವು ಅದರ ಗುರುತು. ಕಣ್ಣಿಗೆ ಹೊಸದಾಗಿ ಕಂಡ ಹುಳುವನ್ನು ಕೂಡಲೇ ತೋರಿಸಿದರೆ ಸುತ್ತಲಿನ ಹತ್ತು ಹಳ್ಳಿಯ ಬೆಳೆಗೂ ಅನುಕೂಲ.

ಮಣ್ಣು ಪರೀಕ್ಷೆಗೆ ಮಣ್ಣು ಒಯ್ಯುವವರು ಬದುವಿನ ಪಕ್ಕ, ತಿಪ್ಪೆ ಇದ್ದ ಜಾಗ, ಮರದ ನೆರಳು ಬಿಟ್ಟು ಹೊಲದ ಹತ್ತು ಹದಿನೈದು ಕಡೆ ಆರು ಅಂಗುಲ ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ನಾಲ್ಕು ಭಾಗ ಮಾಡಿ ಎದುರು ಬದುರಿನ ಎರಡು ಭಾಗ ಬಿಡುತ್ತಾ ಅರ್ಧ ಕಿಲೋ ಉಳಿಸಿಕೊಳ್ಳಬೇಕು. ನೆರಳಿನಲ್ಲಿ ಒಣಗಿಸಿ ಬಟ್ಟೆಯ ಚೀಲಕ್ಕೆ ಹಾಕಿ ಹೆಸರು, ಊರು, ಸರ್ವೆ ನಂಬರ್, ಬೆಳೆ ಬರೆದ ಚೀಟಿ ಇಡಬೇಕು. ಫಲಿತಾಂಶ ಅಂದೇ ಕೈಗೆ ಬರುತ್ತದೆಂದು ಕಾಯಬಾರದು.

ಇನ್ನು ತಾಕುಗಳ ಮಾತು. ಮೇಳದ ತಾಕಿನಲ್ಲಿ ಬೆಳೆ ಚೆನ್ನಾಗಿಯೇ ಇರುತ್ತದೆ. ಚೆನ್ನಾಗಿರಲೆಂದೇ ಅದನ್ನು ಬೆಳೆಸಿರುತ್ತಾರೆ. ಸಕಾಲಕ್ಕೆ ನೀರು, ಗೊಬ್ಬರ, ಕಳೆ ಎಲ್ಲವೂ ಆಗಿರುತ್ತದೆ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಭೂಮಿ ಮತ್ತು ಮಳೆಯದು. ಕರ್ನಾಟಕವನ್ನು 10 ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಲಾಗಿದೆ. ಚಿತ್ರದುರ್ಗ ಜಿಲ್ಲೆ ಮಧ್ಯ ಒಣ ವಲಯದಲ್ಲಿದೆ. ಜಿ.ಕೆ.ವಿ.ಕೆ. ಪೂರ್ವ ಒಣ ವಲಯದಲ್ಲಿದೆ, ಧಾರವಾಡ ಉತ್ತರ ಮಳೆ ಬದಲಾವಣೆ ವಲಯದಲ್ಲಿದೆ. ಜಿ.ಕೆ.ವಿ.ಕೆ.ಯ ಕೆಂಪು ಭೂಮಿಗೆ ವರ್ಷಕ್ಕೆ ಸರಾಸರಿ ಸುಮಾರು 900 ಮಿ.ಮೀ. ಮಳೆ ಬಿದ್ದರೆ, ಹಿರಿಯೂರಿನ ಎರೆ ಭೂಮಿಗೆ 600 ಮಿ.ಮೀ. ಕೂಡ ಬರುವುದಿಲ್ಲ. ಹೊಳಲ್ಕೆರೆ ಕಡೆ ಸ್ವಲ್ಪ ಹೆಚ್ಚು. ಅಲ್ಲಿ ತಲೆದೂಗಿದ ತೆನೆ ಇಲ್ಲಿಯೂ ತಲೆದೂಗುತ್ತದೆಂದು ನಂಬಿ ನಾಲ್ಕೆಕರೆಗೆ ಬೀಜ ತಂದವನು ಸಾಲ ತೀರಿಸಲು ಎರಡು ವರ್ಷ ದುಡಿಯಬೇಕಾದೀತು.

ಹೀಗಾಗಿ ತಾಕಿನ ಮುಂದೆ ನಿಂತಾಗ ಇಳುವರಿ ಎಷ್ಟೆಂದು ಕೇಳುವುದಕ್ಕಿಂತ ಮೊದಲು ಕೇಳಬೇಕಾದ ಮಾತುಗಳಿವೆ. ಬಿತ್ತಿದ್ದು ಯಾವಾಗ? ಎಷ್ಟು ಸಲ ನೀರು ಕೊಟ್ಟಿದ್ದಾರೆ? ಎಷ್ಟು ದಿನಕ್ಕೆ ಕೊಯ್ಲಿಗೆ ಬರುತ್ತದೆ? ರಾಗಿಯಲ್ಲಿ ಜಿಪಿಯು-28 ಬೆಂಕಿ ರೋಗ ತಡೆಯುವ ಒಳ್ಳೆಯ ತಳಿಯೇ ಸರಿ. ಆದರೆ ಅದಕ್ಕೆ ಸುಮಾರು 110 ದಿನಗಳಿಗೂ ಹೆಚ್ಚು ಬೇಕು. ಹೊಸದುರ್ಗದಲ್ಲಿ ಮಳೆ ತಡವಾಗಿ ಆಗಸ್ಟ್ ಕೊನೆಗೆ ಬಿತ್ತನೆಯಾದರೆ ಜಿಪಿಯು-48ರಂತಹ ಅಲ್ಪಾವಧಿ ತಳಿಯೇ ಗತಿ. ಶೇಂಗಾದಲ್ಲಿ ಹಳೆಯ ಟಿಎಂವಿ-2 ತಳಿಗೆ ಎಲೆಚುಕ್ಕೆ, ತುಕ್ಕು ರೋಗ ಬೇಗ ತಗುಲುತ್ತದೆ. ಧಾರವಾಡದ ಜಿಪಿಬಿಡಿ-4 ಇವೆರಡನ್ನೂ ತಾಳಿಕೊಳ್ಳುತ್ತದೆ. ಆದರೆ ಅದು ತಮ್ಮ ಹೊಲದ ಮಣ್ಣಿಗೆ ಒಗ್ಗುತ್ತದೆಯೇ ಎಂದು ನೋಡುವ ಕೆಲಸ ರೈತನದೇ.

ಫಲಕದಲ್ಲಿ ಇಳುವರಿಯನ್ನು ಹೆಕ್ಟೇರಿನ ಲೆಕ್ಕದಲ್ಲಿ ಬರೆದಿರುವುದುಂಟು. ಹೆಕ್ಟೇರೆಂದರೆ ಸುಮಾರು ಎರಡೂವರೆ ಎಕರೆ. ಹೆಕ್ಟೇರಿಗೆ 40 ಕ್ವಿಂಟಾಲ್ ಎಂದಿದ್ದರೆ ಎಕರೆಗೆ 16 ಕ್ವಿಂಟಾಲ್ ಎಂದಷ್ಟೇ ಅರ್ಥ. ಈ ಭಾಗಾಕಾರ ಮಾಡದೆ ಬೆರಗಾದವರು ಬಹಳ ಮಂದಿ.

ಬೀಜ ಕೊಳ್ಳುವಾಗ ಚೀಲದ ಚೀಟಿ ನೋಡಬೇಕು. ಪ್ರಮಾಣಿತ ಬೀಜಕ್ಕೆ ನೀಲಿ, ಮೂಲ ಬೀಜಕ್ಕೆ ಬಿಳಿ, ತಳಿವರ್ಧಕ ಬೀಜಕ್ಕೆ ಹೊನ್ನಿನ ಹಳದಿ ಬಣ್ಣದ ಚೀಟಿ ಇರುತ್ತದೆ. ಮನೆಗೆ ಬಂದ ಮೇಲೆ ನೂರು ಬೀಜ ಎಣಿಸಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟರೆ ಮೊಳಕೆಯ ಲೆಕ್ಕ ಸಿಗುತ್ತದೆ. ಶೇಂಗಾ ನೂರಕ್ಕೆ 70, ರಾಗಿ ಮತ್ತು ತೊಗರಿ ನೂರಕ್ಕೆ 75 ಮೊಳೆಯಬೇಕು.

ಬೀಜ ಕಟ್ಟಿಡುವವರು, ಕಳೆ ತೆಗೆಯುವವರು, ದನಕ್ಕೆ ಮೇವು ಹಾಕುವವರು ಮನೆಯ ಹೆಣ್ಣುಮಕ್ಕಳು. ಮೇಳಕ್ಕೆ ಹೋಗುವವರು ಮಾತ್ರ ಹೆಚ್ಚಾಗಿ ಗಂಡಸರು. ಹೊಸ ರಾಗಿಯ ಹುಲ್ಲನ್ನು ಎಮ್ಮೆ ತಿನ್ನುತ್ತದೆಯೇ ಎಂಬ ಪ್ರಶ್ನೆ ಗಂಡಸರಿಗೆ ಹೊಳೆಯುವುದು ಅಪರೂಪ. ಅವರನ್ನೂ ಕರೆದುಕೊಂಡು ಹೋಗಬೇಕು.

ಎಲ್ಲಕ್ಕಿಂತ ಹತ್ತಿರದ ಬಾಗಿಲೊಂದು ಜಿಲ್ಲೆಯಲ್ಲಿಯೇ ಇದೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ವಲಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ. ಅಲ್ಲಿನ ತಾಕಿಗೆ ಬೀಳುವುದು ಈ ಸೀಮೆಯ ಮಳೆಯೇ. ದೊಡ್ಡ ಮೇಳದಲ್ಲಿ ಕಂಡ ತಳಿ ಬಬ್ಬೂರಿನಲ್ಲಿ ಹೇಗೆ ಬಂದಿದೆ ಎಂದು ಕೇಳಿದ ಮೇಲೆಯೇ ಬಿತ್ತನೆಯ ನಿರ್ಧಾರ ಮಾಡುವುದು ಲೇಸು. ಇಲ್ಲಿನ ಕ್ಷೇತ್ರೋತ್ಸವಗಳಿಗೆ ಜನಸಂದಣಿ ಕಡಿಮೆ. ವಿಜ್ಞಾನಿಯ ಜೊತೆ ಅರ್ಧ ಗಂಟೆ ನಿಂತು ಮಾತನಾಡಬಹುದು. ದಿನಾಂಕವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ಶಿವಮೊಗ್ಗದ ಮೇಳಕ್ಕೆ ಹೊರಡುವವರು ಅದು ನವುಲೆಯ ಆವರಣದಲ್ಲೋ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೋ ಎಂದು ಮೊದಲೇ ಕೇಳಿಕೊಳ್ಳದಿದ್ದರೆ ಅರ್ಧ ದಿನ ದಾರಿಯಲ್ಲೇ ಕಳೆಯುತ್ತದೆ.

ತಂದ ಬೀಜವನ್ನು ಮೊದಲ ವರ್ಷ ಒಂದು ಗುಂಟೆಗೆ ಮಾತ್ರ ಹಾಕಬೇಕು. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. ಪಕ್ಕದಲ್ಲಿಯೇ ಇನ್ನೊಂದು ಗುಂಟೆಗೆ ಹಳೆಯ ತಳಿಯನ್ನು ಅದೇ ದಿನ, ಅದೇ ಗೊಬ್ಬರದಲ್ಲಿ ಬಿತ್ತಬೇಕು. ಹೊಸದನ್ನು ತಿಪ್ಪೆಯ ಹತ್ತಿರದ ಫಲವತ್ತಾದ ಜಾಗಕ್ಕೆ, ಹಳೆಯದನ್ನು ದಿಬ್ಬಕ್ಕೆ ಹಾಕಿದರೆ ಅದು ಪರೀಕ್ಷೆಯಲ್ಲ. ಕೊಯ್ದಾಗ ಎರಡನ್ನೂ ಬೇರೆ ಬೇರೆ ಒಕ್ಕಿ ತೂಗಿ, 40ರಿಂದ ಗುಣಿಸಿದರೆ ಎಕರೆಯ ಇಳುವರಿ ತಿಳಿಯುತ್ತದೆ. ಹುಲ್ಲನ್ನೂ ತೂಗಬೇಕು. ಬಿತ್ತಿದ ದಿನ, ಮಳೆ ಬಿದ್ದ ದಿನಗಳು, ಎರಡು ತೂಕ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮುಂದಿನ ವರ್ಷ ಆ ತಳಿ ತೋರಿಸಿದ ವಿಜ್ಞಾನಿಯ ಕೈಗೇ ಕೊಡಬೇಕು. ಹೊಸದು ಸೋತಿದ್ದರೂ ಕೊಡಬೇಕು. ಹಿರಿಯೂರಿನ ಎರೆಯಲ್ಲಿ ಅಥವಾ ಹೊಳಲ್ಕೆರೆಯ ಕೆಂಪು ನೆಲದಲ್ಲಿ ಅದು ಏಕೆ ಸೋತಿತೆಂಬ ಲೆಕ್ಕ ರೈತನ ಆ ಹಾಳೆಯಲ್ಲಿ ಬಿಟ್ಟು ಬೇರೆಲ್ಲೂ ಇರುವುದಿಲ್ಲ.