ಐಫೆಲ್ ಗೋಪುರದ ಸಂಧಿಗಳು

ಪ್ಯಾರಿಸ್ ನಗರದ ಐಫೆಲ್ ಗೋಪುರವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಅದರ ಔನ್ನತ್ಯವನ್ನೇ ಕೊಂಡಾಡುವರು. ಆದರೆ ಕಟ್ಟಿದಾಗಿನ 300 ಮೀಟರುಗಳ ಆ ಎತ್ತರಕ್ಕಿಂತಲೂ, ನಾಲ್ಕು ಮೂಲೆಗಳಿಂದ ಓರೆಯಾಗಿ ಎದ್ದ ನಾಲ್ಕು ಪಾದಗಳು ಮೊದಲನೆಯ ಅಂತಸ್ತಿನಲ್ಲಿ ಬಂದು ಕೂಡಿಕೊಂಡ ಪರಿಯೇ ನನ್ನನ್ನು ಹೆಚ್ಚು ಬೆರಗುಗೊಳಿಸಿದೆ.

1884ರಲ್ಲಿ ಇದರ ಮೊದಲ ರೇಖಾಚಿತ್ರವನ್ನು ರಚಿಸಿದವರು ಗುಸ್ತಾವ್ ಐಫೆಲ್ಲರ ಸಂಸ್ಥೆಯ ಎಂಜಿನಿಯರುಗಳಾದ ಮೋರಿಸ್ ಕೆಕ್ಲಿನ್ ಮತ್ತು ಎಮಿಲ್ ನೂಗಿಯೆ. ಬುಡದ ಕಮಾನುಗಳ ಅಲಂಕಾರ ವಾಸ್ತುಶಿಲ್ಪಿ ಸೊವೆಸ್ತ್ರರದು. 1887ರಲ್ಲಿ ಕೆಲಸ ಆರಂಭವಾದಾಗ, ಸಾಹಿತಿ ಮೊಪಾಸಾ, ಸಂಗೀತಕಾರ ಗೂನೋ ಮೊದಲಾದ ಕಲಾವಿದರು ಇದು ನಗರಕ್ಕೆ ಕಳಂಕವೆಂದು ಬಹಿರಂಗವಾಗಿ ಪ್ರತಿಭಟಿಸಿದರು. ಗಾಳಿಯ ಒತ್ತಡವನ್ನು ಎದುರಿಸಲು ಗಣಿತವೇ ವಿಧಿಸಿದ ಆ ವಕ್ರರೇಖೆಗಳಲ್ಲಿ ಶಕ್ತಿಯೂ ಸೌಂದರ್ಯವೂ ಒಂದಾಗಿ ತೋರುವುವೆಂಬುದು ಐಫೆಲ್ಲರ ಉತ್ತರ. ಈ ವಾದದಲ್ಲಿ ನಾನು ನಿಸ್ಸಂಶಯವಾಗಿ ಐಫೆಲ್ಲರ ಪಕ್ಷದವನು.

ಗೋಪುರದ 18,038 ಕಬ್ಬಿಣದ ಭಾಗಗಳು ನಗರದ ಹೊರವಲಯದ ಲೆವಲ್ವಾ-ಪೆರೆಯ ಕಾರ್ಖಾನೆಯಲ್ಲಿ ಸಿದ್ಧವಾಗಿ ಬಂದುವು. ರಿವೆಟ್ಟಿನ ರಂಧ್ರಗಳ ಸ್ಥಾನವನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ನಿಖರವಾಗಿ ಲೆಕ್ಕಹಾಕಿದ್ದರು. ಹೊಂದದ ಭಾಗವನ್ನು ಸ್ಥಳದಲ್ಲಿ ತಿದ್ದದೆ ಕಾರ್ಖಾನೆಗೇ ಹಿಂದಿರುಗಿಸುತ್ತಿದ್ದರು. ಇಷ್ಟಾದರೂ, ಅಂತಹ ಬೃಹತ್ ಪಾದಗಳು ಅಂತರಿಕ್ಷದಲ್ಲಿ ಸಂಧಿಸುವಾಗ ಕಿಂಚಿತ್ ವ್ಯತ್ಯಾಸವಾದರೂ ತಲೆದೋರದಿರದೆಂಬುದನ್ನು ಮೊದಲೇ ಅರಿತಿದ್ದ ಆ ಪ್ರಾಜ್ಞರು, ಪಾದಗಳ ಬುಡದಲ್ಲಿ ನೀರಿನ ಒತ್ತಡದಿಂದ ನಡೆಯುವ ಜಾಕುಗಳನ್ನೂ, ಆಸರೆಗೆ ಕಟ್ಟಿದ ಮರದ ಅಟ್ಟಣೆಗಳ ಮೇಲೆ ಮರಳು ತುಂಬಿದ ಲೋಹದ ಉರುಳೆಗಳನ್ನೂ ಇರಿಸಿದ್ದರು. ಜಾಕನ್ನು ನಡೆಸಿದರೆ ಪಾದವು ಕೂದಲೆಳೆಯಷ್ಟು ಮೇಲೇಳುವುದು. ಮರಳನ್ನು ಸ್ವಲ್ಪಸ್ವಲ್ಪವಾಗಿ ಹೊರಬಿಟ್ಟರೆ ಅದರ ಮೇಲೆ ಒರಗಿದ ಭಾಗವು ಅಷ್ಟೇ ಮೆಲ್ಲನೆ ಇಳಿಯುವುದು. ಹೀಗೆ ಏರಿಸಿ ಇಳಿಸಿ, 1887ರ ಡಿಸೆಂಬರಿನಲ್ಲಿ, ನೆಲದಿಂದ 57 ಮೀಟರು ಮೇಲೆ, ಅಡ್ಡತೊಲೆಗಳ ರಂಧ್ರಕ್ಕೆ ರಂಧ್ರವನ್ನು ಸರಿಹೊಂದಿಸಿದರು. ಮಹಾಭಾರವನ್ನು ಮರಳಿನ ಸೂಕ್ಷ್ಮತೆಯಿಂದ ಆಳಿದ ಈ ಉಪಾಯವನ್ನು ಎಷ್ಟು ಸಲ ನೆನೆದರೂ ನನಗೆ ತೃಪ್ತಿಯಿಲ್ಲ.

ಬಳಿಕ ರಿವೆಟ್ಟಿನ ಕೆಲಸ. ನಾಲ್ವರು ಕಮ್ಮಾರರ ಒಂದೊಂದು ತಂಡದಲ್ಲಿ ಒಬ್ಬನು ರಿವೆಟ್ಟನ್ನು ಕುಲುಮೆಯಲ್ಲಿ ಕೆಂಪಗೆ ಕಾಸುವನು, ಒಬ್ಬನು ಹಿಡಿಯುವನು, ಒಬ್ಬನು ತಲೆಯನ್ನು ರೂಪಿಸುವನು, ಒಬ್ಬನು ಸುತ್ತಿಗೆಯಿಂದ ಬಡಿಯುವನು; ತಣ್ಣಗಾಗುವಾಗ ರಿವೆಟ್ಟು ಕುಗ್ಗಿ, ಎರಡು ಫಲಕಗಳನ್ನೂ ಬಿಡದಂತೆ ಬಿಗಿಯುವುದು. ಇಂತಹ 25 ಲಕ್ಷ ರಿವೆಟ್ಟುಗಳಲ್ಲಿ ಬಹುಪಾಲನ್ನು ಕಾರ್ಖಾನೆಯಲ್ಲಿಯೂ, ಉಳಿದುವನ್ನು ಗಾಳಿ ಬೀಸುವ ಆ ಎತ್ತರದಲ್ಲಿಯೂ ಜಡಿದರು. 1889ರ ಮಾರ್ಚ್ 31ರಂದು ಐಫೆಲ್ಲರು ಮೆಟ್ಟಿಲು ಹತ್ತಿ ಶಿಖರದಲ್ಲಿ ಫ್ರಾನ್ಸಿನ ಧ್ವಜವನ್ನು ಏರಿಸಿದರು.