ಮಗಳ ಹೆಸರಿನ ಪಕ್ಕದಲ್ಲಿ ಯಾರ ಹೆಸರು?

ಹೆಣ್ಣು ಮಗು ಹುಟ್ಟಿದ ಮನೆಯಲ್ಲಿ ಮೊದಲ ಹನ್ನೆರಡು ದಿನ ನಡೆಯುವ ಚರ್ಚೆ ಎಲ್ಲರಿಗೂ ಗೊತ್ತಿರುವಂಥದೇ. ನಕ್ಷತ್ರದ ಪಾದಕ್ಕೆ ಯಾವ ಅಕ್ಷರ ಬರುತ್ತದೆಂದು ಪಂಚಾಂಗ ತೆಗೆದು ನೋಡುತ್ತಾರೆ. ಅಜ್ಜಿಗೆ ಮನೆದೇವರ ಹೆಸರು ಬೇಕು. ಅಪ್ಪನಿಗೆ ಯಾರೂ ಇಟ್ಟಿರದ ಎರಡಕ್ಷರದ ಹೆಸರು ಬೇಕು. ಅಮ್ಮನ ಮನಸ್ಸಿನಲ್ಲಿ ಇನ್ನೊಂದಿರುತ್ತದೆ. ಕೊನೆಗೆ ಹೇಗೋ ಒಂದು ಒಪ್ಪಂದವಾಗುತ್ತದೆ. ಕೆಲವು ಕಡೆ ತಟ್ಟೆಯ ಅಕ್ಕಿಯ ಮೇಲೆ ತಂದೆ ಹೆಸರು ಬರೆಯುತ್ತಾನೆ. ಉತ್ತರ ಕರ್ನಾಟಕದಲ್ಲಿ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ, ಬಂದವರಿಗೆ ಗುಗ್ಗರಿ ಹಂಚುತ್ತಾರೆ. ಮೊದಲ ಹೆಸರಿನ ಕಥೆ ಅಲ್ಲಿಗೆ ಮುಗಿಯಿತು.

ಆದರೆ ಆ ಹೆಸರಿನ ಪಕ್ಕದಲ್ಲಿ ಬರುವ ಎರಡನೆಯ ಹೆಸರಿನ ಬಗ್ಗೆ ಇಷ್ಟು ಚರ್ಚೆ ನಡೆಯುವುದು ಅಪರೂಪ. ಅರ್ಜಿ ತುಂಬುವ ಹೊತ್ತಿನಲ್ಲಿ ತಂದೆಯ ಹೆಸರೋ ಇನಿಷಿಯಲ್ಲೋ ತಾನಾಗಿ ಬಂದು ಕೂರುತ್ತದೆ. ಹುಡುಗನಿಗಾದರೆ ಅದು ಕೊನೆಯವರೆಗೂ ಹಾಗೆಯೇ ಉಳಿಯುತ್ತದೆ. ಹುಡುಗಿಯ ವಿಷಯ ಬೇರೆ. ಇಪ್ಪತ್ತೈದು ವರ್ಷಗಳ ನಂತರ ಆ ಜಾಗದಲ್ಲಿ ಇನ್ನೊಬ್ಬರ ಹೆಸರು ಬರಬಹುದೆಂಬುದು ತೊಟ್ಟಿಲ ದಿನವೇ ಎಲ್ಲರ ಮನಸ್ಸಿನಲ್ಲಿ ಇರುತ್ತದೆ. ಆದ್ದರಿಂದಲೇ ಹೆಣ್ಣು ಮಗುವಿನ ಎರಡನೆಯ ಹೆಸರಿನ ಪ್ರಶ್ನೆ ಕಿವಿಗೆ ಇಂಪಾಗಿದೆಯೇ ಎಂಬುದಕ್ಕಿಂತ ದೊಡ್ಡದು. ಈಕೆ ಯಾರವಳು ಎಂಬ ಪ್ರಶ್ನೆ ಅದು.

ನಮ್ಮ ಹಳೆಯ ಗ್ರಂಥಗಳು ಈ ವಿಷಯದಲ್ಲಿ ಏನು ಹೇಳುತ್ತವೆ? ಪಾರಸ್ಕರ ಗೃಹ್ಯಸೂತ್ರದ ಪ್ರಕಾರ ಗಂಡು ಮಗುವಿನ ಹೆಸರಿನಲ್ಲಿ ಎರಡು ಅಥವಾ ನಾಲ್ಕು ಅಕ್ಷರಗಳಿರಬೇಕು. ಹೆಣ್ಣು ಮಗುವಿನ ಹೆಸರಿನಲ್ಲಿ ಅಕ್ಷರಗಳು ಬೆಸ ಸಂಖ್ಯೆಯಲ್ಲಿರಬೇಕು, ಕೊನೆಯಲ್ಲಿ ಆಕಾರ ಬರಬೇಕು, ಅದು ತದ್ಧಿತವಾಗಿರಬೇಕು. ಮನುಸ್ಮೃತಿಯೂ ಹೆಣ್ಣಿನ ಹೆಸರು ಉಚ್ಚರಿಸಲು ಸುಲಭವಾಗಿ, ಕಠಿಣವಲ್ಲದೆ, ಮನೋಹರವಾಗಿ, ದೀರ್ಘ ಸ್ವರದಲ್ಲಿ ಕೊನೆಯಾಗಬೇಕು ಎನ್ನುತ್ತದೆ. ತದ್ಧಿತವೆಂದರೆ ಒಂದು ನಾಮಪದಕ್ಕೆ ಪ್ರತ್ಯಯ ಸೇರಿ ಹುಟ್ಟಿದ ಶಬ್ದ. ಜನಕನ ಮಗಳು ಜಾನಕಿ, ದ್ರುಪದನ ಮಗಳು ದ್ರೌಪದಿ, ವಿದೇಹದವಳು ವೈದೇಹಿ, ಕೇಕಯದವಳು ಕೈಕೇಯಿ. ಇಲ್ಲಿ ತಂದೆಯಾಗಲಿ ಅವನ ನಾಡಾಗಲಿ ಪಕ್ಕದಲ್ಲಿ ಪ್ರತ್ಯೇಕವಾಗಿ ಇಲ್ಲ. ಮಗಳ ಹೆಸರಿನ ಒಳಗೇ ಇದ್ದಾನೆ. ಇಂದಿಗೂ ಮನೆಮನೆಯಲ್ಲಿ ಇಡುವ ಈ ಹೆಸರುಗಳು ಮೂಲತಃ ‘ಇಂಥವನ ಮಗಳು’, ‘ಇಂಥ ದೇಶದವಳು’ ಎಂದಷ್ಟೇ ಹೇಳುತ್ತವೆ.

ಇದಕ್ಕೆ ವಿರುದ್ಧವಾದ ಪದ್ಧತಿಯೂ ಇತ್ತು. ಶಾತವಾಹನ ಅರಸರು ತಾಯಿಯ ಗೋತ್ರದಿಂದ ಗುರುತಿಸಿಕೊಂಡರು. ಗೌತಮೀಪುತ್ರ ಶಾತಕರ್ಣಿ, ವಾಸಿಷ್ಠೀಪುತ್ರ ಪುಳುಮಾವಿ ಎಂಬ ಹೆಸರುಗಳು ಶಾಸನಗಳಲ್ಲೂ ನಾಣ್ಯಗಳಲ್ಲೂ ಇವೆ. ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮ ತಂದೆ ಯಾರೆಂದು ತಿಳಿಯದೆ, ತಾಯಿ ಜಬಾಲೆಯ ಹೆಸರನ್ನೇ ಸೇರಿಸಿಕೊಂಡು ಗುರುವಿನ ಮುಂದೆ ನಿಂತ. ಗುರು ಅವನನ್ನು ಶಿಷ್ಯನಾಗಿ ಸ್ವೀಕರಿಸಿದ. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ‘ಬರಿ’ ಎಂಬ ಬಳಿಯ ಗುರುತು ತಾಯಿಯಿಂದಲೇ ಮಕ್ಕಳಿಗೆ ಬರುತ್ತದೆ. ತಾಯಿಯ ಕಡೆಯ ಹೆಸರನ್ನು ಹಿಡಿದು ನಡೆಯುವುದು ಈ ಮಣ್ಣಿಗೆ ಹೊಸದಲ್ಲ ಎಂಬುದಕ್ಕೆ ಇಷ್ಟು ಸಾಕು.

ಇಂದಿನ ಕರ್ನಾಟಕದಲ್ಲಿ ಮುಖ್ಯವಾಗಿ ಎರಡು ಕ್ರಮಗಳಿವೆ. ಹಳೆ ಮೈಸೂರಿನ ಕಡೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮುಂದೆ ಬರುತ್ತವೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದು ಕೆ.ವಿ. ಪುಟ್ಟಪ್ಪ ಆಗುತ್ತದೆ. ಉತ್ತರ ಕರ್ನಾಟಕದಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಅನುಕ್ರಮ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಇದಕ್ಕೆ ಉದಾಹರಣೆ. ಕೊಡವರಲ್ಲಿ ಒಕ್ಕದ ಹೆಸರು ಮೊದಲು. ಕ್ರಮ ಯಾವುದಾದರೂ ಮದುವೆಯಾದ ಹೆಣ್ಣಿಗೆ ಆಗುವುದು ಹೆಚ್ಚುಕಡಿಮೆ ಒಂದೇ: ತಂದೆಯ ಹೆಸರಿನ ಜಾಗಕ್ಕೆ ಗಂಡನ ಹೆಸರು ಬರುತ್ತದೆ.

ಕನ್ನಡದ ಲೇಖಕಿಯರ ಹೆಸರುಗಳನ್ನೇ ನೋಡಿ. ಕೊಡಗಿನ ಗೌರಮ್ಮ ಕಥೆಗಳನ್ನು ಪ್ರಕಟಿಸಿದ್ದು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು. ಅದರಲ್ಲಿ ಗೌರಮ್ಮ ಎಲ್ಲೂ ಇಲ್ಲ. ಭಾಗೀರಥಿ ಎಂದು ಹೆಸರಿಟ್ಟ ಮಗು ಶಾಲೆಯಲ್ಲಿ ಅನಸೂಯ ಆಯಿತು, ಮದುವೆಯ ನಂತರ ಅನಸೂಯ ಶಂಕರ್ ಆಯಿತು. ಓದುಗರಿಗೆ ಅವರು ತ್ರಿವೇಣಿ. ಕುಂದಾಪುರದ ವಾಸಂತಿ ಮದುವೆಯ ನಂತರ ಜಾನಕಿ ಶ್ರೀನಿವಾಸಮೂರ್ತಿ ಆದರು, ‘ಸುಧಾ’ ವಾರಪತ್ರಿಕೆಯ ಮೂಲಕ ವೈದೇಹಿ ಆದರು. ನಂಜನಗೂಡು ತಿರುಮಲಾಂಬ ಅವರ ಹೆಸರಿನ ಜೊತೆ ಊರು ನಿಂತಿತು. ಹಾನಗಲ್ ಊರಿನ ಹೆಸರನ್ನು ಹೊತ್ತ ಗಂಗೂಬಾಯಿಯವರು ತಂದೆಯ ಅಡ್ಡಹೆಸರಿನಿಂದಲೂ ಅಲ್ಲ, ಪತಿಯ ಅಡ್ಡಹೆಸರಿನಿಂದಲೂ ಅಲ್ಲ, ಆ ಊರಿನಿಂದಲೇ ದೇಶಕ್ಕೆಲ್ಲ ಪರಿಚಿತರಾದರು.

ಹೆಸರು ಬದಲಾದರೆ ಏನು ನಷ್ಟ, ಮನುಷ್ಯಳು ಅವಳೇ ತಾನೇ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ೧೯೫೧-೫೨ರ ಮೊದಲ ಮಹಾಚುನಾವಣೆಯಲ್ಲಿದೆ. ಮತದಾರರ ಪಟ್ಟಿ ಮಾಡಲು ಸಿಬ್ಬಂದಿ ಮನೆಮನೆಗೆ ಹೋದಾಗ, ವಿಶೇಷವಾಗಿ ಉತ್ತರ ಭಾರತದ ಹಲವು ಪ್ರಾಂತ್ಯಗಳಲ್ಲಿ, ಬಹಳ ಹೆಂಗಸರು ಸ್ವಂತ ಹೆಸರು ಹೇಳಲಿಲ್ಲ. ‘ಇಂಥವನ ತಾಯಿ’, ‘ಇಂಥವನ ಹೆಂಡತಿ’ ಎಂದಷ್ಟೇ ಬರೆಸಿದರು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರಿಲ್ಲದ ನಮೂದುಗಳನ್ನು ಪಟ್ಟಿಯಿಂದ ತೆಗೆಯಲಾಯಿತು. ಹೀಗೆ ಮತದ ಹಕ್ಕು ಕಳೆದುಕೊಂಡ ಹೆಂಗಸರ ಸಂಖ್ಯೆ ಸುಮಾರು ೨೮ ಲಕ್ಷ. ಇನ್ನೊಬ್ಬರ ಹೆಸರಿನ ಮರೆಯಲ್ಲಿ ನಿಂತವಳು ಕಾಗದದ ಮೇಲೆ ಇಲ್ಲವೇ ಆಗಿಬಿಡುತ್ತಾಳೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಆ ದಿನಗಳಿಂದ ಇಲ್ಲಿಯವರೆಗೆ ಕಾನೂನು ಸಾಕಷ್ಟು ದೂರ ಬಂದಿದೆ. ಮದುವೆಯಾದೊಡನೆ ಹೆಂಗಸು ಹೆಸರು ಬದಲಿಸಲೇಬೇಕೆಂಬ ಕಾನೂನು ನಮ್ಮ ದೇಶದಲ್ಲಿಲ್ಲ. ಹಿಂದೂ ಮಕ್ಕಳ ಸಹಜ ಪೋಷಕ ತಂದೆ, ‘ಅವನ ನಂತರ’ ತಾಯಿ ಎಂದು ೧೯೫೬ರ ಕಾಯ್ದೆ ಹೇಳಿತ್ತು. ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದೇ ಅರ್ಥವಲ್ಲ ಎಂದು ೧೯೯೯ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿವರಿಸಿತು. ಒಂಟಿ ತಾಯಿ ಪ್ರಮಾಣಪತ್ರ ಸಲ್ಲಿಸಿದರೆ, ತಂದೆಯ ಹೆಸರಿಗಾಗಿ ಒತ್ತಾಯಿಸದೆ ಮಗುವಿನ ಜನನ ಪತ್ರ ಕೊಡಬೇಕೆಂದು ೨೦೧೫ರಲ್ಲಿ ಅದೇ ನ್ಯಾಯಾಲಯ ಹೇಳಿತು. ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕೆಂದು ೨೦೧೬ರಲ್ಲಿ ಪ್ರಕಟವಾಯಿತು. ಪತಿ ತೀರಿಕೊಂಡ ಬಳಿಕ ಮಗುವಿನ ಅಡ್ಡಹೆಸರನ್ನು ನಿರ್ಧರಿಸುವ ಹಕ್ಕು ತಾಯಿಯದು ಎಂಬ ತೀರ್ಪು ೨೦೨೨ರಲ್ಲಿ ಬಂತು. ಪಕ್ಕದ ಮಹಾರಾಷ್ಟ್ರ ಸರ್ಕಾರವಂತೂ ೨೦೨೪ರ ಮೇ ೧ರಿಂದ ಹುಟ್ಟುವ ಮಕ್ಕಳ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವನ್ನೇ ಕಡ್ಡಾಯ ಮಾಡಿತು.

ಅಂದರೆ ಬಾಗಿಲು ತೆರೆದಿದೆ. ಒಳಗೆ ಹೋಗುವುದು ಮನೆಯವರ ಕೈಯಲ್ಲಿದೆ. ಹಾಗಾದರೆ ಆಯ್ಕೆ ಹೇಗೆ?

ಮೊದಲು ಎರಡೂ ಹೆಸರುಗಳನ್ನು ಒಟ್ಟಿಗೆ ಗಟ್ಟಿಯಾಗಿ ಕೂಗಿ ನೋಡಿ. ಒಂದರ ಕೊನೆಯ ಸ್ವರ, ಇನ್ನೊಂದರ ಮೊದಲ ಸ್ವರ ಕೂಡಿಕೊಂಡರೆ ಸಂಧಿಯಾಗಿ ಎರಡೂ ಹೆಸರು ಕೆಡುತ್ತವೆ. ‘ರಮ್ಯಾ ಆನಂದಿ’ ಎಂದು ನಾಲ್ಕು ಸಲ ವೇಗವಾಗಿ ಹೇಳಿದರೆ ‘ರಮ್ಯಾನಂದಿ’ ಆಗುತ್ತದೆ. ಮೊದಲನೆಯದು ಚಿಕ್ಕದಾದರೆ ಎರಡನೆಯದು ಸ್ವಲ್ಪ ಉದ್ದವಿರಲಿ: ಇಳಾ ಸರಸ್ವತಿ. ಮೊದಲನೆಯದೇ ಉದ್ದವಾದರೆ ಎರಡನೆಯದು ಚಿಕ್ಕದಿರಲಿ: ಭುವನೇಶ್ವರಿ ಗೌರಿ. ಅರ್ಥವೂ ಮರುಕಳಿಸಬಾರದು. ‘ಪದ್ಮಾ ಕಮಲಾ’ ಎಂದರೆ ತಾವರೆಯ ಪಕ್ಕದಲ್ಲಿ ತಾವರೆ ಇಟ್ಟಂತೆ.

ಇನ್ನು ಕಾಗದದ ಮಾತು. ಜನನವನ್ನು ೨೧ ದಿನಗಳೊಳಗೆ ನೋಂದಾಯಿಸಬೇಕು. ಆಗ ಹೆಸರು ಗೊತ್ತಾಗಿರದಿದ್ದರೆ ಗಾಬರಿಯಿಲ್ಲ. ಒಂದು ವರ್ಷದವರೆಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆದರೆ ತಿದ್ದುಪಡಿಯಾದ ಕಾಯ್ದೆ ೨೦೨೩ರ ಅಕ್ಟೋಬರ್ ೧ರಂದು ಜಾರಿಗೆ ಬಂದ ಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶದಿಂದ ಮತದಾರರ ಪಟ್ಟಿಯವರೆಗೆ, ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪತ್ರವೇ ಆಧಾರ. ಹೀಗಾಗಿ ಅಲ್ಲಿ ಬರೆಸಿದ ಹೆಸರು ಬಹಳ ದೂರ ಜೊತೆಗೆ ಬರುತ್ತದೆ. ಇನಿಷಿಯಲ್ ಬೇಡ, ಬಿಡಿಸಿ ಬರೆಸಿ. ಪ್ಯಾನ್ ಕಾರ್ಡಿನ ಅರ್ಜಿ ಇನಿಷಿಯಲ್ಲನ್ನು ಒಪ್ಪುವುದಿಲ್ಲ. ಒಂಟಿ ಹೆಸರೂ ತೊಡಕೇ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳಿಗೆ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನ ೨೦೨೨ರ ನವೆಂಬರಿನಲ್ಲಿ ಸೂಚಿಸಿತ್ತು. ಇಂಗ್ಲಿಷಿನಲ್ಲಿ ಗೀತಾ ಎಂದು ಬರೆಯುವಾಗ ‘ಇ’ ಎರಡೋ ಒಂದೇ ‘ಐ’ ಸಾಕೋ, ‘ಟಿ’ ಪಕ್ಕದಲ್ಲಿ ‘ಎಚ್’ ಬೇಕೋ ಬೇಡವೋ ಎಂಬುದನ್ನು ಮೊದಲ ದಿನವೇ ತೀರ್ಮಾನಿಸಿ, ಎಲ್ಲ ಕಡೆ ಹಾಗೆಯೇ ಬರೆಸಿ.

ಕೊನೆಯದಾಗಿ, ಯಾರ ಹೆಸರು? ತಂದೆಯ ಹೆಸರಿಟ್ಟರೆ ತಪ್ಪೇನೂ ಇಲ್ಲ. ಮಗಳೆಂದರೆ ಜೀವ ಬಿಡುವ ಅಪ್ಪಂದಿರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅದು ತಾನಾಗಿ ಬಂದು ಕೂತದ್ದಾಗಿರಬಾರದು, ಮನೆಯವರು ಕೂತು ಮಾತಾಡಿ ಆರಿಸಿದ್ದಾಗಿರಬೇಕು. ತಾಯಿಯ ಹೆಸರಾಗಬಹುದು, ಊರಿನ ಹೆಸರಾಗಬಹುದು. ಅಜ್ಜಿಯ ಹೆಸರೂ ಆಗಬಹುದು. ಎಷ್ಟೋ ಅಜ್ಜಿಯರ ಹೆಸರು ಮನೆಯ ಪತ್ರಗಳಲ್ಲಿಲ್ಲ, ಜಮೀನಿನ ಪಹಣಿಯಲ್ಲಿಲ್ಲ, ಮೊಮ್ಮಕ್ಕಳಿಗೂ ಗೊತ್ತಿಲ್ಲ. ಮೊಮ್ಮಗಳ ಹೆಸರಿನ ಪಕ್ಕದಲ್ಲಿ ಒಬ್ಬ ಪುಟ್ಟಮ್ಮನೋ ಕಾಳವ್ವನೋ ಬಂದರೆ, ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಅಜ್ಜಿಯ ಹೆಸರನ್ನು ಮೇಷ್ಟ್ರು ದಿನಾ ಕೂಗುತ್ತಾರೆ.

ಯಾವುದನ್ನು ಆರಿಸಿದರೂ ಒಂದು ಮಾತು ನೆನಪಿನಲ್ಲಿರಲಿ. ಮುಂದೆ ಅವಳು ಮದುವೆಯಾಗಲಿ, ಆಗದಿರಲಿ, ಯಾರೂ ಅದನ್ನು ಅಳಿಸುವ ಅಗತ್ಯ ಬೀಳದಂಥ ಹೆಸರನ್ನು ಇಡಿ. ಬದಲಿಸಬೇಕೆಂದು ಅನ್ನಿಸಿದರೆ ದೊಡ್ಡವಳಾದ ಮೇಲೆ ಅವಳೇ ಬದಲಿಸಿಕೊಳ್ಳಲಿ. ಅದು ಅವಳ ಹಕ್ಕು.